ಕರಗದ ಐಸ್‌ಕ್ರೀಮು

ಪೂರ್ಣ ಹೆಸರು: ರಸಗ್ರಾಹಿ ಗೃಹ ಛಾಯಾಚಿತ್ರಶಾಲೆ. ವಯಸ್ಸು: ಹತ್ತೊಂಬತ್ತು ದಿನ. ಕುಟುಂಬ: ಸ್ಥಾಪಕಿ, ಅವರ ಪತಿ, ಅತ್ತೆ ಮತ್ತು ಒಬ್ಬಳು ಮಗಳು. ಹುಟ್ಟಿದ್ದು ಹಿಂದಿನ ಕೋಣೆಯ ಕಿಟಕಿಯ ಪಕ್ಕ, ಇಸ್ತ್ರಿ ಮೇಜಿನ ಮೇಲೆ. ತಿನಿಸುಗಳ ಚಿತ್ರ ತೆಗೆಯುವುದು ಅದರ ಕಸುಬು. ಬದುಕಿದ್ದಷ್ಟು ದಿನವೂ ಅದು ಮನೆಯವರಿಗೆ ಬಿಸಿ ಊಟವನ್ನು ಕಾಣಗೊಡಲಿಲ್ಲ.

ಸ್ಥಾಪಕಿಯನ್ನು ಬೀದಿಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದುದರಿಂದ ಅದನ್ನು ಸಂಬಂಧವೆಂದಲ್ಲ, ಹುದ್ದೆಯೆಂದೇ ತಿಳಿಯತಕ್ಕದ್ದು. ಪತಿ ಟೈಲರು, ಅವರ ಹೆಸರು ಮುಂಬಾಗಿಲಿನ ಹಲಗೆಯ ಮೇಲೆ ಇಪ್ಪತ್ತಾರು ವರ್ಷಗಳಿಂದ ಇತ್ತು. ಮಗಳ ಹೆಸರು ಕಾಲೇಜಿನ ಬಹುಮಾನದ ಪಟ್ಟಿಯಲ್ಲಿತ್ತು. ದೊಡ್ಡಕ್ಕನ ಹೆಸರು ಮಾತ್ರ ಈ ಭೂಮಂಡಲದ ಯಾವ ಗೋಡೆಯ ಮೇಲೂ ಇರಲಿಲ್ಲ. ಈ ಅನ್ಯಾಯವನ್ನು ಸರಿಪಡಿಸಲೆಂದೇ ಅವರು ಮಗಳ ಹಳೆಯ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಊಟದ ಮೇಜಿನ ತುದಿಯಲ್ಲಿ ನಿಂತರು.

"ಇವತ್ತಿನಿಂದ ನಾನು ಅಡುಗೆಯವಳಲ್ಲ. ಅಡುಗೆ ಮಾಡ್ತೀನಿ, ಅದು ಬೇರೆ ವಿಷಯ."

"ಹಾಗಾದ್ರೆ ಬದಲಾಗಿದ್ದೇನು?" ಎಂದರು ಟೈಲರು.

"ನೀವು ತಿನ್ನೋ ಹೊತ್ತು. ಫೋಟೋ ಆಗೋ ತನಕ ಯಾರೂ ಮುಟ್ಟಬಾರದು. ನಾನು ಆಯ್ತು ಅಂದಮೇಲೆ ತಟ್ಟೆಯಲ್ಲಿ ಒಂದು ಚೂರೂ ಉಳೀಬಾರದು."

ಶಾಸನ ಜಾರಿಗೆ ಬಂತು. ಮನೆಯವರು ಚಮಚ ಹಿಡಿದು ಸಾಲಾಗಿ ಕುಳಿತಿರುತ್ತಿದ್ದರು. ದೊಡ್ಡಕ್ಕ ಸ್ಟೂಲಿನ ಮೇಲೆ ಹತ್ತಿ, ಇಳಿದು, ಗಂಡನ ಅಳತೆ ಟೇಪಿನಿಂದ ತಟ್ಟೆಗೂ ದೀಪಕ್ಕೂ ನಡುವಣ ಅಂತರವನ್ನು ಅಳೆದು, ಕಡೆಗೊಮ್ಮೆ "ಆಯ್ತು" ಎನ್ನುತ್ತಿದ್ದರು. ಕೂಡಲೇ ಚಮಚಗಳು ಏಳುತ್ತಿದ್ದವು. ತಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದ ಟೈಲರು ಅದರ ಉತ್ತರವನ್ನು ಒಂದು ವಾರ ತಿಂದಿದ್ದರು.

ಹದಿನೇಳನೆಯ ದಿನ ಮೂಲೆಯ ಬೇಕರಿಯವರು ಬಂದರು. ಅಂಗಡಿಯಲ್ಲಿ ಹೊಸದಾಗಿ ಐಸ್‌ಕ್ರೀಮು ಮಾಡಿಸುತ್ತಿದ್ದರು. ಗೋಡೆ ತುಂಬ ಹನ್ನೆರಡು ದೊಡ್ಡ ಚಿತ್ರಗಳು ಬೇಕಾಗಿದ್ದವು.

"ಮೊದಲು ಮೂರು ಕಪ್ಪು ಕಳಿಸ್ತೀನಿ, ಅದರದ್ದೊಂದು ತೆಗೀರಿ. ಶನಿವಾರ ನಾಲ್ಕು ಗಂಟೆಗೆ ಬಂದು ನೋಡ್ತೀನಿ. ಹಿಡಿಸಿದ್ರೆ ಹನ್ನೆರಡೂ ನಿಮ್ಮದೇ ಅಕ್ಕ. ಕೆಳಗೆ ನಿಮ್ಮ ಹೆಸರು ಬರೆಸ್ತೀನಿ."

"ಎಷ್ಟು ದೊಡ್ಡ ಅಕ್ಷರದಲ್ಲಿ?" ಎಂದು ದೊಡ್ಡಕ್ಕ ಕೇಳಿದರು. ಅದನ್ನು ಇತ್ಯರ್ಥ ಮಾಡಿಕೊಂಡೇ ಅವರನ್ನು ಬೀಳ್ಕೊಟ್ಟರು.

ಶನಿವಾರ ಬೆಳಿಗ್ಗೆ ಗುಲಾಬಿ ಬಣ್ಣದ ಐಸ್‌ಕ್ರೀಮು ಮೂರು ಕಪ್ಪುಗಳಲ್ಲಿ ಬಂತು. ದೊಡ್ಡಕ್ಕ ಕಪ್ಪುಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರು. ಗೆರೆ ಸೊಟ್ಟಗಿದೆಯೆಂದು ಟೇಪು ಹಿಡಿದರು. ದೀಪ ಹತ್ತಿಸಿದರು, ನೆರಳು ಬಿತ್ತೆಂದು ಇನ್ನೊಂದು ದೀಪ ಹತ್ತಿಸಿದರು. ಕಣ್ಣಿಗೆ ಕ್ಯಾಮೆರಾ ಇಟ್ಟು ಗುಂಡಿ ಒತ್ತಿದಾಗ ಮೂರು ಕಪ್ಪುಗಳಲ್ಲೂ ಗುಲಾಬಿ ನೀರು ನಿಶ್ಚಲವಾಗಿ ನಿಂತಿತ್ತು.

ಟೈಲರು ಇಣುಕಿದರು. "ಸೂಪಾ?"

"ಆಯ್ತು," ಎಂದು ದೊಡ್ಡಕ್ಕ ಹಣೆ ಹಿಡಿದು ಕುಳಿತರು. "ನನ್ನ ಕಥೆ ಆಯ್ತು."

ಮೊದಲ ಪದ ಕಿವಿಗೆ ಬಿದ್ದೊಡನೆ ಟೈಲರೂ ಅವರ ತಾಯಿಯೂ ಕಪ್ಪುಗಳನ್ನೆತ್ತಿ ಬರಿದು ಮಾಡಿದರು. ಶಾಸನ ಎಂದಮೇಲೆ ಶಾಸನ.

ಅವರಿಬ್ಬರೂ ಬಾಯಿ ಒರೆಸಿಕೊಂಡು ಹೊರಗೆ ಹೋದಮೇಲೆ ಬಾಯಿಬಿಟ್ಟವಳು ಮಗಳು. "ಅಮ್ಮ, ಈ ಕೆಲಸ ಮಾಡೋರು ನಿಜವಾದ ಐಸ್‌ಕ್ರೀಮು ಇಡೋದೇ ಇಲ್ಲ. ಬೇಯಿಸಿದ ಆಲೂಗಡ್ಡೆ ನುಣ್ಣಗೆ ಹಿಸುಕಿ, ಬಣ್ಣ ಹಾಕಿ, ಗುಂಡಗೆ ಮಾಡಿ ಇಡ್ತಾರೆ."

"ಅದು ಮೋಸ ಅಲ್ವೇನೇ?"

"ಎಲ್ಲರೂ ಮಾಡಿದ್ರೆ ಅದಕ್ಕೆ ತಂತ್ರ ಅಂತಾರೆ," ಎಂದು ಹೇಳಿ ಮಗಳು ಕಾಲೇಜಿಗೆ ಹೋದಳು.

ದೊಡ್ಡಕ್ಕ ಆಲೂಗಡ್ಡೆ ಬೇಯಿಸಿದರು. ಹಿಸುಕಿದರು. ಬೀಟ್‌ರೂಟಿನ ರಸ ಬೆರೆಸಿದರು, ಹೊಳಪಿಗೆಂದು ಬೆಣ್ಣೆ ಹಾಕಿದರು. ಅಷ್ಟು ಸಾಕಿತ್ತು. ಆದರೆ ಉಪ್ಪಿಲ್ಲದ ಆಲೂಗಡ್ಡೆ ತಮ್ಮ ಕೈಯಿಂದ ಹೊರಗೆ ಬೀಳುವುದನ್ನು ಅವರ ಆತ್ಮಗೌರವ ಸಹಿಸಲಿಲ್ಲ. ಚಿತ್ರಕ್ಕೆ ಕಾಣದ ಉಪ್ಪನ್ನು ಹದವಾಗಿ ಬೆರೆಸಿದರು. ಗುಂಡುಗಳು ಮೂರೂ ಕಪ್ಪುಗಳಲ್ಲಿ ಕುಳಿತವು. ದೀಪ ಉರಿಯಿತು, ಟೇಪು ಅಳೆಯಿತು, ಗಂಟೆ ಕಳೆಯಿತು. ಒಂದು ಹನಿಯೂ ಕರಗಲಿಲ್ಲ. ಬಂದ ಚಿತ್ರವನ್ನು ನೋಡಿ ದೊಡ್ಡಕ್ಕ ತಮಗೆ ತಾವೇ ತಲೆದೂಗಿದರು.

"ಆಯ್ತು," ಎಂದು ಕೂಗಿ, ಮಗಳ ಕಂಪ್ಯೂಟರಿನಲ್ಲಿ ಚಿತ್ರವನ್ನು ತೆರೆದಿಡಲು ಪಕ್ಕದ ಕೋಣೆಗೆ ಹೋದರು. ತಿನಿಸು ಬದಲಾಗಿದೆ, ಆದರೆ ಶಾಸನ ಬದಲಾಗಿಲ್ಲ ಎಂಬುದು ಅವರ ನೆನಪಿಗೆ ಬರಲಿಲ್ಲ.

ಹಿಂದಿನ ಕೋಣೆಯಲ್ಲಿ ಚಮಚಗಳು ಎದ್ದವು.

"ಏನೋ ಮಗ, ಐಸ್‌ಕ್ರೀಮು ಬೆಚ್ಚಗಿದೆಯಲ್ಲೋ?"

"ತಿನ್ನಮ್ಮ ಸುಮ್ಮನೆ. ಹೊಸ ಥರದ್ದಿರಬೇಕು."

"ಉಪ್ಪುಪ್ಪಾಗೂ ಇದೆ."

"ಕೇಳೋಕೆ ನಿನಗೆ ಧೈರ್ಯ ಇದೆಯಾ?"

ಅತ್ತೆಗೆ ಇರಲಿಲ್ಲ. ಎರಡು ಕಪ್ಪು ಖಾಲಿಯಾದವು.

ಬೇಕರಿಯವರು ನಾಲ್ಕಕ್ಕೆ ಮೊದಲೇ ಬಂದರು. ಕಂಪ್ಯೂಟರಿನ ಮುಂದೆ ಕುಳಿತು ಚಿತ್ರವನ್ನು ನೋಡಿದರು. ಹಿಂದೆ ಸರಿದು ಮತ್ತೆ ನೋಡಿದರು. "ಅಕ್ಕ, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೋರ ಥರ ಇದೆ. ಹನ್ನೆರಡೂ ನಿಮ್ಮದೇ."

ದೊಡ್ಡಕ್ಕನ ಕಣ್ಣ ಮುಂದೆ ಗೋಡೆ ಎದ್ದು ನಿಂತಿತು. ಅದರ ಮೇಲೆ ಗೇಣುದ್ದದ ಅಕ್ಷರಗಳು. ಅದೇ ಗಳಿಗೆಯಲ್ಲಿ ಟೈಲರು, ಬಂದವರಿಗೆ ಏನೂ ಕೊಡದೆ ಕಳಿಸಬಾರದೆಂಬ ಸದ್ಭಾವನೆಯಿಂದ, ಮಗಳ ಪಾಲಿಗೆಂದು ಉಳಿಸಿದ್ದ ಮೂರನೆಯ ಕಪ್ಪನ್ನು ತಂದು ಬೇಕರಿಯವರ ಕೈಗಿಟ್ಟರು. ದೊಡ್ಡಕ್ಕ ಬಾಯಿ ತೆರೆಯುವಷ್ಟರಲ್ಲಿ ಚಮಚ ಒಳಗೆ ಹೋಗಿತ್ತು.

ಬೇಕರಿಯವರ ದವಡೆ ನಿಂತಿತು. "ಇದು ನಮ್ಮ ಅಂಗಡಿಯಿಂದ ಬಂದಿದ್ದಾ?"

"ನಿಮ್ಮದೇ. ನಾವೂ ತಿಂದ್ವಿ," ಎಂದರು ಟೈಲರು. "ಹೊಟ್ಟೆ ತುಂಬುತ್ತೆ."

ಬೇಕರಿಯವರು ಕಪ್ಪನ್ನು ಕೆಳಗಿಟ್ಟರು. ಜೇಬಿನಿಂದ ಫೋನು ತೆಗೆದು, ಐಸ್‌ಕ್ರೀಮು ಮಾಡುವ ಬೇಕರಿಯ ಹಳೆಯ ಕೆಲಸದವರೊಬ್ಬರನ್ನು ಕರೆದರು.

"ಏನು ಹಾಕಿದ್ದೀಯಪ್ಪ ಅದಕ್ಕೆ? ಏನೂ ಹಾಕಿಲ್ವಾ? ಹದಿನಾರು ವರ್ಷದಿಂದ ನಂಬಿದ್ದೆ ನಿನ್ನ. ಮಾಡಿರೋದೆಲ್ಲ ಚೆಲ್ಲು. ಚೆಲ್ಲಿ, ನಾಳೆಯಿಂದ ಬರಬೇಡ."

ಫೋನಿನ ಆಚೆ ಒಬ್ಬ ವಯಸ್ಸಾದವರ ಧ್ವನಿ ಏನನ್ನೋ ಬೇಡುತ್ತಿರುವುದು ದೊಡ್ಡಕ್ಕನಿಗೆ ಕೇಳಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಗೋಡೆಗೆ ಏರುತ್ತಿತ್ತು. ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಗಂಡನೆದುರು, ಅತ್ತೆಯೆದುರು ತಪ್ಪೊಪ್ಪಿಕೊಳ್ಳಬೇಕಿತ್ತು. ಅವರು ಬೆನ್ನು ನೆಟ್ಟಗೆ ಮಾಡಿದರು.

"ಫೋನು ಇಡಬೇಡಿ. ಅವರಿಗೆ ಹೇಳಿ, ತಪ್ಪು ಅವರದ್ದಲ್ಲ. ನೀವು ತಿಂದಿದ್ದು ಆಲೂಗಡ್ಡೆ. ನಾನೇ ಮಾಡಿದ್ದು."

"ಆಲೂಗಡ್ಡೆನಾ?" ಎಂದರು ಬೇಕರಿಯವರು.

"ಆಲೂಗಡ್ಡೆನಾ?" ಎಂದರು ಟೈಲರು, ಇನ್ನೂ ಜೋರಾಗಿ.

"ನಾನು ಬೆಚ್ಚಗಿದೆ ಅಂದಿರಲಿಲ್ವಾ?" ಎಂದರು ಅತ್ತೆ.

ಬೇಕರಿಯವರು ಫೋನಿನಲ್ಲಿ ಕ್ಷಮೆ ಕೇಳಿದರು, ಚೆಲ್ಲಬೇಡವೆಂದರು. ಆಮೇಲೆ ಕಪ್ಪನ್ನೆತ್ತಿ ಚಿತ್ರದ ಪಕ್ಕಕ್ಕೆ ಹಿಡಿದು ನೋಡಿದರು. "ಈ ಫೋಟೋ ಗೋಡೆಗೆ ಬೇಡ ಅಕ್ಕ. ಇದನ್ನ ನೋಡಿದೋರು ಕರಗದ ಐಸ್‌ಕ್ರೀಮು ಕೇಳ್ತಾರೆ. ನಾನೆಲ್ಲಿಂದ ತರಲಿ?"

ಎದ್ದು ನಿಂತವರು ಹೊರಡಲಿಲ್ಲ. ಇನ್ನೊಂದು ಚಮಚ ಬಾಯಿಗಿಟ್ಟುಕೊಂಡರು. ಮತ್ತೊಂದು ಇಟ್ಟುಕೊಂಡರು. "ಉಪ್ಪು ಎಷ್ಟು ಹಾಕಿದ್ರಿ? ಇದನ್ನ ಬನ್ನಿನೊಳಗೆ ಇಟ್ಟರೆ ಹೇಗಿರುತ್ತೆ?"

ಹೀಗೆ ಛಾಯಾಚಿತ್ರಶಾಲೆ ಹತ್ತೊಂಬತ್ತನೆಯ ದಿನದ ಸಂಜೆ ನಿಧನ ಹೊಂದಿತು. ಅದು ಬಿಟ್ಟುಹೋದದ್ದು ಇಷ್ಟು: ಎರಡು ದೀಪ, ಒಂದರ ಕಾಲು ಮುರಿದದ್ದು. ಹಿನ್ನೆಲೆಗೆಂದು ತಂದ ಬಿಳಿಯ ರಟ್ಟು ಮೂರು ಹಾಳೆ. ಇಸ್ತ್ರಿ ಮೇಜಿನ ಮೇಲೆ ಬೀಟ್‌ರೂಟಿನ ಒಂದು ಕಲೆ, ಅದು ಹೋಗುವುದಿಲ್ಲ. ತಣ್ಣಗಾದ ಊಟದ ನಾನೂರ ಹನ್ನೆರಡು ಚಿತ್ರಗಳು. ಪ್ರತಿದಿನ ಬೆಳಿಗ್ಗೆ ಬೇಯಬೇಕಾದ ಒಂದು ದೊಡ್ಡ ಪಾತ್ರೆ ಆಲೂಗಡ್ಡೆ. ಮತ್ತು ಬೇಕರಿಯ ಗೋಡೆಯ ಮೇಲೆ, ಬೇರೊಬ್ಬರು ತೆಗೆದ ಚಿತ್ರದ ಕೆಳಗೆ, ಗೇಣುದ್ದದ ಅಕ್ಷರಗಳಲ್ಲಿ, 'ದೊಡ್ಡಕ್ಕನ ಬನ್ನು' ಎಂಬ ಬರಹ.

ಅದನ್ನು ನೋಡಲು ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ದೊಡ್ಡಕ್ಕ ಅಕ್ಷರಗಳನ್ನು ನೋಡುತ್ತಿದ್ದರು. ಟೈಲರು ಚಿತ್ರದಲ್ಲಿ ಬನ್ನಿನೊಳಗಿಂದ ಉಕ್ಕುತ್ತಿದ್ದ ಆಲೂಗಡ್ಡೆಯ ಹತ್ತಿರಕ್ಕೆ ಮುಖ ಒಯ್ದು, ಹೆಂಡತಿಗೆ ಮಾತ್ರ ಕೇಳುವಂತೆ ಹೇಳಿದರು:

"ಅದು ಆಲೂಗಡ್ಡೆ ಅಲ್ಲ ಕಣೆ, ದಿಂಬಿನ ಹತ್ತಿ. ನೋಡಿದ್ರೆ ನನಗೆ ಗೊತ್ತಾಗಲ್ವಾ?"