ಗುಡುಗಿದರೆ ಪ್ಲಗ್ ತೆಗೆಯುವವನ ಸ್ಕೂಟರ್

ಸಿಟ್ಟು ತೀರಿಸಿಕೊಳ್ಳುವುದಕ್ಕೂ ಒಂದು ಸೌಕರ್ಯ ಬೇಕು. ನನ್ನ ಹಳೆಯ ಪೆಟ್ರೋಲ್ ಸ್ಕೂಟರಿನಲ್ಲಿ ಅದಿತ್ತು. ಹೊರಡದಿದ್ದರೆ ಹತ್ತು ಸಲ ಒದೆಯಬಹುದಿತ್ತು. ಒದೆಯಲೆಂದೇ ಕಂಪೆನಿಯವರು ಬದಿಯಲ್ಲೊಂದು ಕಿಕ್ಕರ್ ಇಟ್ಟಿದ್ದರು. ಈಗಿನ ಕರೆಂಟ್ ಸ್ಕೂಟರಿಗೆ ಒದೆಯಲು ಜಾಗವೇ ಇಲ್ಲ. ನಿಂತರೆ ಸಭ್ಯರ ಹಾಗೆ ಸದ್ದಿಲ್ಲದೆ ನಿಲ್ಲುತ್ತದೆ. ಸಭ್ಯರ ಮೇಲೆ ಬರುವ ಸಿಟ್ಟು ಯಾವಾಗಲೂ ಒಂದು ತೂಕ ಹೆಚ್ಚು.

ನಾನು ಕಕ್ಕಿಂಜೆಯ ಮಾಷ್ಟ್ರು. ಚಿಂತೆ ನನ್ನ ಉಪಕಸುಬು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಉಜಿರೆಯವರೆಗೆ ಹೋಗಿ ಹಿಂದೆ ಬಂದವನು. ಇಂಥವನು ಈ ಸ್ಕೂಟರ್ ಕೊಂಡದ್ದಕ್ಕೆ ಊರಿನವರದ್ದು ದಿನವೂ ಒಂದೇ ಪ್ರಶ್ನೆ: "ಎಷ್ಟು ಹೋಗ್ತದೆ ಮಾಷ್ಟ್ರೇ?" "ಒಂದು ಚಾರ್ಜಿಗೆ ನೂರು ಕಿಲೋಮೀಟರ್" ಎಂದರೆ, "ಘಟ್ಟ ಹತ್ತುತ್ತದಾ? ಇಳಿಯುವುದು ಹೇಗೂ ಇಳೀತದೆ ಬಿಡಿ" ಎಂದು ನಗುತ್ತಾರೆ.

ಮೊನ್ನೆ ಬೆಳಿಗ್ಗೆ ಮಿಜಾರಿನ ಹಾಸ್ಟೆಲಿನಿಂದ ಮಗಳ ಫೋನು. "ಅಪ್ಪಾ, ರೆಕಾರ್ಡ್ ಪುಸ್ತಕ ಮನೆಯಲ್ಲೇ ಬಾಕಿ ಆಯ್ತು. ಎರಡು ಗಂಟೆಗೆ ಪ್ರಾಕ್ಟಿಕಲ್ ಪರೀಕ್ಷೆ. ಅದಿಲ್ಲದೆ ಒಳಗೆ ಬಿಡುವುದಿಲ್ಲ."

"ಬಸ್ಸಿನಲ್ಲಿ ಕೊಟ್ಟು ಕಳಿಸುವ. ಅವಳು ಮಿಜಾರಿನಲ್ಲಿ ತಗೊಳ್ತಾಳೆ" ಎಂದಳು ಹೆಂಡತಿ. ನಮ್ಮ ಕಡೆ ಕಂಡಕ್ಟರನ ಕೈಗೆ ಕೊಟ್ಟದ್ದು ತಪ್ಪಿಹೋದದ್ದಿಲ್ಲ; ಮದ್ದು, ಕನ್ನಡಕ, ಒಮ್ಮೆ ಜೀವಂತ ಕೋಳಿ ಕೂಡ ಸರಿಯಾದ ಮನೆಗೇ ಮುಟ್ಟಿದೆ. ಆದರೆ ನನಗೆ ರೋಷ ಬಂತು. "ಮತ್ತೆ ಈ ಸ್ಕೂಟರ್ ಇರುವುದು ಎಂತಕ್ಕೆ? ರಾತ್ರಿಯಿಡೀ ಚಾರ್ಜಿಗಿಟ್ಟಿದ್ದೇನೆ!" ಎಂದವನೇ ಹೊರಟೆ. ಜನ್ಮದಲ್ಲಿ ಅದೊಂದೇ ದಿನ ಏನನ್ನೂ ಎರಡನೇ ಸಲ ನೋಡದೆ ಹೊರಟದ್ದು.

ವೇಣೂರು ದಾಟಿದ ಮೇಲೆ ಪರಿಚಯದ ಹಮೀದ್ ಬ್ಯಾರಿಗಳ ಅಂಗಡಿಯೆದುರು ಸ್ಕೂಟರ್ ನಿಂತಿತು. ನಾನು ಶೋರೂಮಿಗೆ ಫೋನು ಹಚ್ಚಿ ಕೂಗಾಡಿದೆ. "ನಿಮ್ಮ ನೂರು ಎಲ್ಲಿಗೆ ಹೋಯ್ತು? ಮಗಳ ಪುಸ್ತಕ ಇನ್ನು ಮುಟ್ಟಿಸುವುದು ಹೇಗೆ?"

"ಸರ್, ಪ್ಲಗ್ ಸರಿ ಹಾಕಿದ್ರಾ?" ಎಂದಳು ಅಲ್ಲಿನ ಹುಡುಗಿ.

"ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುವವ ನಾನು!"

ಹೆದ್ದಾರಿಯಲ್ಲೆಲ್ಲೋ ಚಾರ್ಜಿಂಗ್ ಸ್ಟೇಷನ್ ಉಂಟಂತೆ. ಅಲ್ಲಿಗೆ ಹೋಗಲು ಚಾರ್ಜು ಬೇಡವೇ? ಕಂಪೆನಿಗೂ ಸರಕಾರಕ್ಕೂ ಸೇರಿಸಿ ಬೈದೆ. ಹಮೀದ್ ಬ್ಯಾರಿಗಳು ಶರಬತ್ತಿನ ಫ್ರಿಜ್ಜಿನ ಪ್ಲಗ್ ತೆಗೆದು ನನ್ನ ಸ್ಕೂಟರಿನದ್ದು ಹಾಕಿದರು. "ಬೈಯುವುದು ಮತ್ತೆ ಮಾಷ್ಟ್ರೇ. ಮಗಳ ಪುಸ್ತಕದ್ದು ಎಂತ?" ಎಂದು, ಬರುತ್ತಿದ್ದ ಮಂಗಳೂರು ಬಸ್ಸಿಗೆ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು.

ಕಂಡಕ್ಟರ್ ಪುಸ್ತಕ ತೆಗೆದುಕೊಂಡು ಸ್ಕೂಟರನ್ನು ನೋಡಿದ. "ನೀವೂ ಬನ್ನಿ, ಸೀಟು ಉಂಟು."

ನನಗೆ ಅವನ ಮೇಲೂ ಸಿಟ್ಟು ಬಂತು.

ಒಂದೂವರೆಗೆ ಮಗಳ ಫೋನು ಬಂತು: "ಸಿಕ್ಕಿತಪ್ಪಾ, ಒಳಗೆ ಹೋಗ್ತೇನೆ." ಅದರ ಹಿಂದೆಯೇ ಹೆಂಡತಿಯದ್ದು. "ಸ್ಕೂಟರಿನ ಪ್ಲಗ್ ಹಾಕುವ ಬೋರ್ಡಿನಲ್ಲಿ ಸ್ವಿಚ್ಚೇ ಬಂದ್ ಉಂಟಲ್ಲ. ನಿನ್ನೆ ಸಂಜೆ ಗುಡುಗಿದಾಗ ಟಿವಿ, ಫ್ರಿಜ್ಜು, ಎಲ್ಲದರ ಸ್ವಿಚ್ಚು ಬಂದ್ ಮಾಡಿ ಪ್ಲಗ್ ಓಡಿ ಓಡಿ ತೆಗೆದದ್ದು ಯಾರು?"

ಟಿವಿಯದ್ದು ಪುನಃ ಹಾಕಿದ್ದೆ. ಫ್ರಿಜ್ಜಿನದ್ದೂ ಹಾಕಿದ್ದೆ. ಸ್ಕೂಟರಿನದ್ದು ಪ್ಲಗ್ ಮಾತ್ರ ಚುಚ್ಚಿದ್ದೆ.

ಅಂಗಡಿಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತೆ. ಇನ್ನೆರಡು ಗಂಟೆ ಚಾರ್ಜಾದರೆ ಮನೆ ಮುಟ್ಟಬಹುದು ಎಂದು ಲೆಕ್ಕ ಹಾಕುತ್ತಿದ್ದಾಗ ಘಟ್ಟದ ಕಡೆ ಗುಡುಗಿತು. ಅದು ಎರಡನೇ ಸಲ ಗುಡುಗುವಾಗ ಪ್ಲಗ್ ನನ್ನ ಕೈಯಲ್ಲಿತ್ತು.

ಹಮೀದ್ ಬ್ಯಾರಿಗಳು ಪ್ಲಗ್ಗನ್ನು ನೋಡಿದರು, ನನ್ನನ್ನು ನೋಡಿದರು. "ಮಾಷ್ಟ್ರೇ, ನಿಮ್ಮ ಬೆಳ್ತಂಗಡಿ ಕಡೆಗೆ ನಾಲ್ಕೂವರೆಗೆ ಒಂದು ಬಸ್ಸು ಉಂಟು."