ಕಾಗದದ ಕಪ್ಪಿನಲ್ಲಿ ಬಂದ ನೀಲಕಂಠ

ಬಿರುಗಾಳಿ ಹೋದ ಮರುದಿನ ಬೆಸಂಟ್ ನಗರದ ಕಡಲ ದಂಡೆಯಲ್ಲಿ ವಾಕಿಂಗ್ ಹೊರಟಿದ್ದ ಬ್ಯಾಂಕಿನ ಚನ್ನವೀರಪ್ಪನವರಿಗೆ ಅಲೆ ಬಿಟ್ಟುಹೋದ ನೀರಿನಲ್ಲಿ ಒಂದು ನೀಲಿ ಜೀವಿ ಕಂಡಿತು. ಹೆಬ್ಬೆರಳಿಗಿಂತ ಚಿಕ್ಕದು, ಎರಡೂ ಪಕ್ಕದಲ್ಲಿ ಬೀಸಣಿಗೆಯಂತೆ ಬಿಡಿಸಿದ ಬೆರಳುಗಳು. ಪ್ರಾಣಿಶಾಸ್ತ್ರ ಓದುವ ಮಗಳು ಬಿಂದುವಿಗೆ ತೋರಿಸೋಣವೆಂದು ಕಾಫಿ ಕುಡಿದ ಕಾಗದದ ಕಪ್ಪಿನಲ್ಲಿ ಅದನ್ನು ನೀರಿನ ಸಮೇತ ಗೋರಿ ತಂದರು.

ಫ್ಲ್ಯಾಟಿನ ಗೇಟಿನಲ್ಲೇ ಕೆಳಮನೆಯ ರತ್ನಾವತಿಯಮ್ಮ ಸಿಕ್ಕರು. ಎಲ್ಲರಿಗೂ ತೋರಿಸಿ ಕೊಡುತ್ತೇನೆಂದು ಕಪ್ಪು ಇಸಿದುಕೊಂಡರು. ಚನ್ನವೀರಪ್ಪನವರು ಯಾರಿಗೂ ಇಲ್ಲ ಎಂದವರಲ್ಲ.

ಮೇಲೆ ಹೋಗಿ ವರ್ಣಿಸಿದ್ದೇ ತಡ, ಬಿಂದು ಗಾಬರಿಯಾಗಿ, ಮುಟ್ಟಬೇಡಿ ಎಂದು ತಮಿಳಿನಲ್ಲೇ ಕೂಗಿದಳು.

"ಅಪ್ಪಾ, ಅದ ತೊಡಾದೀಂಗ. ಡೇಂಜರ್."

ಅದು ಗ್ಲಾಕಸ್ ಎಂಬ ಕುಲದ, ಚಿಪ್ಪಿಲ್ಲದ ಕಡಲ ಬಸವನಹುಳು. ಕುಲದಲ್ಲಿ ದೊಡ್ಡ ಜಾತಿ ಒಂದು, ಚಿಕ್ಕವು ನಾಲ್ಕು, ಎಲ್ಲವೂ ಬೇಟೆಗಾರರೇ. ಜೆಲ್ಲಿಮೀನಿನಂಥ ವಿಷಜೀವಿಗಳನ್ನು ತಿಂದು ಆ ವಿಷವನ್ನು ತಮ್ಮ ಬೆರಳ ತುದಿಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಸತ್ತ ಮೇಲೂ ಕುಟುಕುತ್ತವೆ.

ಚನ್ನವೀರಪ್ಪನವರು ಕೆಳಗೆ ಓಡಿದರು. ಅಷ್ಟರಲ್ಲಿ ಹುಳು ತಾಮ್ರದ ಬಟ್ಟಲಿಗೆ ಸೇರಿ, ಪಕ್ಕದಲ್ಲಿ ದೀಪವೂ ಹತ್ತಿತ್ತು.

"ಅಮ್ಮಾರ, ಇದು ಬಸವನಹುಳಾ ರೀ. ವಿಷಾ ತಿಂದು ಮೈಯಾಗ ಇಟಗೋತೈತಿ."

ರತ್ನಾವತಿಯಮ್ಮ ಕೆನ್ನೆ ಬಡಿದುಕೊಂಡರು. "ಬಸವ ಅಂತೀರಿ. ವಿಷ ತಿಂದ್ರೂ ಏನೂ ಆಗಲ್ಲ ಅಂತೀರಿ. ಮೈ ನೋಡಿದ್ರೆ ನೀಲಿ. ನೀಲಕಂಠ ಅಲ್ದೆ ಇನ್ಯಾರು?"

ಎಚ್ಚರಿಕೆ ಕೊಡಲು ಹೋಗಿ ನಾಮಕರಣ ಮಾಡಿಸಿ ಬಂದಂತಾಯಿತು. ಸಂಜೆ ಆ ನೀರನ್ನೇ ತೀರ್ಥವಾಗಿ ಹಂಚುವುದೆಂದು ನಿಶ್ಚಯವೂ ಆಯಿತು. ಅಸೋಸಿಯೇಷನ್ ಕಾರ್ಯದರ್ಶಿ ಮಧುಸೂದನ್ ಅವರ ಬಳಿ ಹೋದರೆ, ಅವರು ಆಗಲೇ ಫೋನಿನಲ್ಲಿ ಪ್ರಸಾದದ ಸುಂಡಲ್ ಉಸಲಿಗೆ ಕಡಲೆ ಎಷ್ಟು ನೆನೆಹಾಕಬೇಕೆಂದು ಚರ್ಚಿಸುತ್ತಿದ್ದರು.

ಪುಟ್ಟ ಮಕ್ಕಳೂ ತೀರ್ಥಕ್ಕೆ ಕೈಯೊಡ್ಡುತ್ತಾರೆಂದು ನೆನೆದು ಚನ್ನವೀರಪ್ಪನವರಿಗೆ ಊಟ ಇಳಿಯಲಿಲ್ಲ. ಹೆಂಡತಿ ಜಯದೇವಿ ಸಾರಿನ ಸೌಟು ಕೈಗಿಟ್ಟು, ಎತ್ತಿಕೊಂಡು ಬಂದುಬಿಡಿ ಎಂದರು. ರತ್ನಾವತಿಯಮ್ಮ ಮಧ್ಯಾಹ್ನ ಮಲಗಿದ ಹೊತ್ತು ನೋಡಿ, ಚನ್ನವೀರಪ್ಪನವರು ಬೆಕ್ಕಿನಂತೆ ಆ ಮನೆಯೊಳಗೆ ಸರಿದರು. ಸೌಟು ಬಟ್ಟಲಿನ ಅಂಚಿಗೆ ತಾಗಿ ಬಟ್ಟಲು ವಾಲಿತು. ಹಿಡಿಯಲು ಹೋದ ಕೈಯ ಮೇಲೆ ನೀಲಕಂಠ ಬಂದು ಕೂತ.

ಕೈ ಕೊಡವಿ ಅವನನ್ನು ಮತ್ತೆ ಬಟ್ಟಲಿಗೇ ಬೀಳಿಸಿ ಅವರು ಕೂಗಿದ ಕೂಗಿಗೆ ಇಡೀ ಕಟ್ಟಡ ಎದ್ದು ಬಂತು. ಮುಂಗೈ ಮೇಲೆ ಕೆಂಪು ಬರೆಗಳೆದ್ದು, ಊದಿದ ಪೂರಿಯಂತಾಗಿತ್ತು. ಅಷ್ಟು ಉರಿಯಲ್ಲೂ ಅವರಿಗೊಂದು ಸಮಾಧಾನ: ಈಗಲಾದರೂ ಎಲ್ಲರೂ ನಂಬುತ್ತಾರೆ.

ಎಲ್ಲರೂ ನಂಬಿದರು.

"ಕದಿಯೋಕೆ ಬಂದವರನ್ನ ಸುಮ್ನೆ ಬಿಡ್ತಾನಾ ಅವನು?" ಎಂದು ರತ್ನಾವತಿಯಮ್ಮ ಮೆಲ್ಲಗೆ ಕೇಳಿದರು. ನೆರೆದವರೆಲ್ಲ ಕೈಮುಗಿದರು. ಇಷ್ಟು ಉಗ್ರ ದೇವರ ನೀರನ್ನು ಕುಡಿಯುವ ಧೈರ್ಯ ಯಾರಿಗೂ ಬರಲಿಲ್ಲ, ತೀರ್ಥ ರದ್ದಾಯಿತು.

ಚನ್ನವೀರಪ್ಪನವರು ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ದರ್ಶನದ ಸಾಲು ಪಕ್ಕದ ಬೀದಿ ಮುಟ್ಟಿತ್ತು. ಮಧುಸೂದನ್ ಅವರೇ ಕುರ್ಚಿ ತಂದು, ಬಟ್ಟಲಿನ ಪಕ್ಕದಲ್ಲಿ ಕೂರಿಸಿ, ಪಟ್ಟಿ ಸ್ವಲ್ಪ ಸರಿಸಿಟ್ಟುಕೊಳ್ಳಿ ಎಂದು ವಿನಂತಿಸಿದರು. ಚನ್ನವೀರಪ್ಪನವರಿಗೆ ಇಲ್ಲ ಎನ್ನಲಾಗಲಿಲ್ಲ. ಬಂದವರೆಲ್ಲ ದೇವರನ್ನು ದೂರದಿಂದ, ಕೈಯನ್ನು ಹತ್ತಿರದಿಂದ ನೋಡಿ ಹೋದರು.