ಮೊಣಕೈಯಲ್ಲಿದ್ದ ಮಣಿಕಟ್ಟಿನ ನೋವು

ನಮ್ಮ ಮೈಯಲ್ಲಿ ಎಲ್ಲಿ ನೋಯುತ್ತಿದೆ ಎಂಬುದು ನಮಗಾದರೂ ಗೊತ್ತಿರುತ್ತದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಅರವತ್ತರ ದಶಕದಲ್ಲಿ, ಸೂಲಿಬೆಲೆಯಲ್ಲಿ ಮೇಷ್ಟ್ರಾಗಿದ್ದಾಗ. ಹೆಂಡತಿ ಸಾವಿತ್ರಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಳು. ಹಸು ಗೌರಿ ನನ್ನ ಪಾಲಿಗೆ ಬಂತು. ಗೌರಿ ಹೊರಗಿನವರು ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು. ನನ್ನನ್ನು ಒದೆಯಲಿಲ್ಲ, ಆದರೆ ಹಾಲನ್ನೂ ಸಲೀಸಾಗಿ ಬಿಡಲಿಲ್ಲ. ನಾನು ಒದ್ದೆ ಪಂಚೆ ಹಿಂಡುವವನಂತೆ ಹಲ್ಲು ಕಚ್ಚಿ ಬಲಗೈಯಲ್ಲೇ ಹಿಂಡುತ್ತಿದ್ದೆ.

ಕೆಲವೇ ದಿನಗಳಲ್ಲಿ ಮಣಿಕಟ್ಟು, ಬೆರಳು ನೋಯತೊಡಗಿದವು. ತರಗತಿಯಲ್ಲಿ ಸೀಮೆಸುಣ್ಣ ಕೈಜಾರಿ ಬೀಳುತ್ತಿತ್ತು. ಪಕ್ಕದ ಮನೆಯ ಮುನಿಯಮ್ಮ ಮಣಿಕಟ್ಟಿಗೆ ಎಣ್ಣೆ ತಿಕ್ಕಿ, "ಉಳುಕೈತೆ ಕಣಪ್ಪಾ ಮೇಷ್ಟ್ರೇ" ಎಂದರು. ಉಳುಕಲು ನಾನು ಎಲ್ಲೂ ಬಿದ್ದಿರಲಿಲ್ಲ. ಕರೆಯದೆ ಬಿಟ್ಟರೆ ಗೌರಿಯ ಕೆಚ್ಚಲು ಬಾತುಕೊಳ್ಳುತ್ತದೆ, ಕರೆದರೆ ನನ್ನ ಕೈ. ದಿಕ್ಕು ತೋಚದೆ ಹೊಸಕೋಟೆಯ ಡಾಕ್ಟರರ ಬಳಿ ಹೋದೆ.

ಹಾಲು ಕರೆಯುವ ಪಾಡು ಹೇಳಿ ಅವರಿಗೆ ಮಣಿಕಟ್ಟು ಚಾಚಿದೆ. ಅವರು ಅದನ್ನು ಬಿಟ್ಟು ಮೊಣಕೈಯ ಕೆಳಗೆ, ಒಳಬದಿಯ ಮಾಂಸಖಂಡವನ್ನು ಒತ್ತಿದರು. ನೋವು ಬೆರಳಿನ ತುದಿಯವರೆಗೂ ಹಾರಿತು.

"ಡಾಕ್ಟ್ರೇ, ನೋವು ಇಲ್ಲಿ" ಎಂದೆ.

"ನೋವು ಅಲ್ಲಿ. ಗಂಟು ಇಲ್ಲಿ."

"ಹಾಗಾದ್ರೆ ನನಗೆ ನೋಯ್ತಿರೋದು ಎಲ್ಲಿ ಸಾರ್?"

ಅವರು ನಕ್ಕರು. "ಬಿಂದಿಗೆ ಬಾವಿಯೊಳಗೆ ಅಲ್ಲಾಡುತ್ತೆ, ಎಳೆಯೋನು ಮೇಲಿರ್ತಾನೆ. ಬೆರಳು ಮಡಿಸೋ ಸ್ನಾಯು ಇರೋದು ಇಲ್ಲೇ, ಮೊಣಕೈ ಕೆಳಗೆ. ಬಿಡುವಿಲ್ಲದೆ ಹಿಂಡಿಸಿದ್ರಿ, ಗಂಟು ಕಟ್ಕೊಂಡಿದೆ. ಬಿಸಿ ಶಾಖ ಕೊಡಿ, ಗಂಟನ್ನ ಮೆಲ್ಲಗೆ ಒತ್ತಿ. ಕೈ ನೆಟ್ಟಗೆ ಚಾಚಿ ಅಂಗೈ ಹಿಂದಕ್ಕೆ ಬಗ್ಗಿಸಿ. ಎರಡೂ ಕೈಯಲ್ಲಿ ಕರೀರಿ, ನಡುನಡುವೆ ನಿಲ್ಸಿ. ಹಸೂನ ಹಾಗೆ ಹಿಸುಕಬೇಡಿ ಮಾರಾಯ್ರೆ!"

ಹಾಗೇ ಮಾಡಿದೆ. ಮೆಲ್ಲಗೆ ಹಿಡಿದಾಗ ಗೌರಿಯೂ ಸೊರೆಬಿಟ್ಟು ಧಾರಾಳವಾಗಿ ಹಾಲು ಕೊಟ್ಟಿತು. ನೋವೂ ಇಳಿಯಿತು. ಇಳಿದದ್ದು ಮಣಿಕಟ್ಟಿನಿಂದಲೋ ಮೊಣಕೈಯಿಂದಲೋ, ಅದು ಮಾತ್ರ ನನಗೆ ಸ್ಪಷ್ಟವಾಗಲಿಲ್ಲ.

ಸಾವಿತ್ರಿ ಮಗುವಿನೊಂದಿಗೆ ವಾಪಸು ಬಂದಳು. ಒಂದು ಬೆಳಿಗ್ಗೆ ಮಗು ಕಿವಿ ಹಿಡಿದುಕೊಂಡು ಒಂದೇ ಸಮನೆ ಅಳತೊಡಗಿತು. ಕಿವಿ ನೋವೆಂದು ಮೋಸಹೋಗುವವನೇ ನಾನು? ಮಡಿಲಲ್ಲಿ ಮಲಗಿಸಿಕೊಂಡು ಮೂಲ ಹುಡುಕುತ್ತಾ ಭುಜ, ಬೆನ್ನು, ಕೊನೆಗೆ ಅಂಗಾಲಿನವರೆಗೂ ಒತ್ತಿ ನೋಡಿದೆ. ಅಳು ಜೋರಾಯಿತು.

ಸಾವಿತ್ರಿ ಹಿತ್ತಲಿಂದ ಓಡಿ ಬಂದಳು. "ಏನ್ ಮಾಡ್ತಿದ್ದೀರಿ ನೀವು?"

"ನೋವು ಎಲ್ಲಿಂದ ಬರ್ತಿದೆ ಅಂತ ನೋಡ್ತಿದ್ದೀನಿ."

"ಅದಕ್ಕೆ ಹಸಿವಾಗಿದೆ ಕಣ್ರೀ! ಕೊಡಿ ಇಲ್ಲಿ."